ಟೆಸ್ಟೋಸ್ಟೆರಾನ್ ಶುರು ಮಾಡುವ ಮೊದಲು ಥೈರಾಯ್ಡ್, ಅಡ್ರಿನಲ್ ಎರಡನ್ನೂ ನೋಡಿಸಿ

"ಥೈರಾಯ್ಡ್ ಮಾತ್ರೆ ತಗೊಳ್ತಾ ಇದ್ದೇನೆ. ಈಗ ಟೆಸ್ಟೋಸ್ಟೆರಾನ್ ಇಂಜೆಕ್ಷನ್ನೂ ಬರೆದಿದ್ದಾರೆ. ಎರಡೂ ಒಟ್ಟಿಗೆ ಅಡ್ಡಿಲ್ವಾ?"

ಕುಮಟಾದ ನನ್ನ ಔಷಧ ಅಂಗಡಿಯಲ್ಲಿ ಈ ಪ್ರಶ್ನೆ ಈಗೀಗ ಪದೇ ಪದೇ ಬರುತ್ತಿದೆ. ಕೇಳುವವರು ಸುತ್ತ ಜನ ಇಲ್ಲದ ಹೊತ್ತು ನೋಡಿ, ದನಿ ತಗ್ಗಿಸಿ ಕೇಳುತ್ತಾರೆ. ನಮ್ಮ ಜಿಲ್ಲೆಯ ಪರಿಸ್ಥಿತಿ ನಿಮಗೆ ಗೊತ್ತೇ ಇದೆ. ಹಾರ್ಮೋನ್ ತಜ್ಞರನ್ನು ಕಾಣಬೇಕೆಂದರೆ ಕಾರವಾರದವರು ಗೋವಾಕ್ಕೆ, ಶಿರಸಿಯವರು ಹುಬ್ಬಳ್ಳಿಗೆ, ಹೊನ್ನಾವರ-ಭಟ್ಕಳದವರು ಮಣಿಪಾಲಕ್ಕೆ ಹೋಗಬೇಕು. ಹೀಗಾಗಿ ಒಬ್ಬರ ಕೈಯಲ್ಲೇ ಮೂರು ಊರಿನ ಮೂರು ಚೀಟಿ ಇರುತ್ತವೆ. ಥೈರಾಯ್ಡಿಗೆ ಒಂದು, ಉಬ್ಬಸಕ್ಕೆ ಅಥವಾ ಸಂದುನೋವಿಗೆ ಇನ್ನೊಂದು, ಟೆಸ್ಟೋಸ್ಟೆರಾನಿಗೆ ಮತ್ತೊಂದು. ಒಂದು ಚೀಟಿ ಬರೆದವರು ಉಳಿದೆರಡನ್ನು ಎಷ್ಟೋ ಸಲ ನೋಡಿಯೇ ಇರುವುದಿಲ್ಲ. ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ಕೆಲಸವನ್ನು ನೀವೇ ಮಾಡಿಸಿಕೊಳ್ಳಬೇಕು. ಅದು ಹೇಗೆ ಅಂತ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಇದನ್ನು ಓದಿ ನಿಮ್ಮಷ್ಟಕ್ಕೆ ಡೋಸ್ ಬದಲಿಸಬೇಡಿ. ಡಾಕ್ಟರ ಮುಂದೆ ಏನು ಇಡಬೇಕು, ಏನು ಕೇಳಬೇಕು ಅಂತ ತಿಳಿದುಕೊಳ್ಳಿ, ಸಾಕು.

ಮೊದಲು ನಾಲ್ಕು ಹೆಸರು ಪರಿಚಯ

ಥೈರಾಯ್ಡ್ ಗಂಟಲ ಬುಡದಲ್ಲಿದೆ. ಅದರ ಮುಖ್ಯ ಹಾರ್ಮೋನ್ ಟಿ4. ಅಡ್ರಿನಲ್ ಗ್ರಂಥಿಗಳು ಎರಡು, ಎರಡೂ ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯ ಹಾಗೆ ಕೂತಿವೆ. ಇವು ಕಾರ್ಟಿಸಾಲ್ ಮಾಡುತ್ತವೆ. ಜ್ವರ, ಪೆಟ್ಟು, ಆಪರೇಷನ್ ಬಂದಾಗ ರಕ್ತದ ಒತ್ತಡ ಕುಸಿಯದಂತೆ ಹಿಡಿದಿಡುವುದು ಈ ಕಾರ್ಟಿಸಾಲ್. ಗಂಡಸರಲ್ಲಿ ಟೆಸ್ಟೋಸ್ಟೆರಾನ್ ತಯಾರಾಗುವುದು ವೃಷಣದಲ್ಲಿ. ಈ ಮೂರಕ್ಕೂ 'ಮಾಡು', 'ನಿಲ್ಲಿಸು' ಅಂತ ಹೇಳುವುದು ಮೆದುಳಿನ ಬುಡದಲ್ಲಿರುವ ಕಡಲೆಕಾಳಿನಷ್ಟು ಗ್ರಂಥಿ. ಅದೇ ಪಿಟ್ಯುಟರಿ. ಥೈರಾಯ್ಡಿಗೆ ಟಿಎಸ್‌ಎಚ್, ಅಡ್ರಿನಲ್‌ಗೆ ಎಸಿಟಿಎಚ್, ವೃಷಣಕ್ಕೆ ಎಲ್‌ಎಚ್ ಎನ್ನುವ ಹಾರ್ಮೋನುಗಳ ಮೂಲಕ ಅದು ಸುದ್ದಿ ಮುಟ್ಟಿಸುತ್ತದೆ.

ಇನ್ನೊಂದು ವಿಷಯ ತಿಳಿದಿದ್ದರೆ ರಿಪೋರ್ಟಿನ ಅರ್ಧ ಗೊಂದಲ ಹೋಗುತ್ತದೆ. ರಕ್ತದಲ್ಲಿ ಟಿ4, ಕಾರ್ಟಿಸಾಲ್, ಟೆಸ್ಟೋಸ್ಟೆರಾನ್ ಮೂರರ ಹೆಚ್ಚಿನ ಪಾಲು ಯಾವುದಾದರೂ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ದಕ್ಕೆಗೆ ಕಟ್ಟಿದ ದೋಣಿ ಮೀನು ಹಿಡಿಯುತ್ತದಾ? ಕಡಲಿಗೆ ಇಳಿದದ್ದು ಮಾತ್ರ ಹಿಡಿಯುತ್ತದೆ. ಹಾಗೇ, ಬಿಡಿಯಾಗಿ ಓಡಾಡುವ ಹಾರ್ಮೋನ್ ಮಾತ್ರ ಕೆಲಸ ಮಾಡುತ್ತದೆ. ರಿಪೋರ್ಟಿನಲ್ಲಿ 'ಟೋಟಲ್' ಎಂದರೆ ಕಟ್ಟಿದ್ದೂ ಇಳಿದದ್ದೂ ಸೇರಿ ಎಲ್ಲ ದೋಣಿ. 'ಫ್ರೀ' ಎಂದರೆ ಕಡಲಲ್ಲಿರುವಷ್ಟೇ. ಟೆಸ್ಟೋಸ್ಟೆರಾನನ್ನು ಕಟ್ಟಿಡುವ ಪ್ರೋಟೀನಿನ ಹೆಸರು ಎಸ್‌ಎಚ್‌ಬಿಜಿ. ಥೈರಾಯ್ಡ್ ಹಾರ್ಮೋನನ್ನು ಕಟ್ಟಿಡುವುದು ಟಿಬಿಜಿ. ಈ ಎರಡು ಹೆಸರು ಮುಂದೆ ಮತ್ತೆ ಬರುತ್ತವೆ.

ಹಂತ 1: ಹಳೆಯದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ

ಡಾಕ್ಟರ ಹತ್ತಿರ ಹೋಗುವ ಮೊದಲೇ ಮಾಡಬೇಕಾದ ಕೆಲಸ ಇದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಈ ಕೆಳಗಿನವು ಯಾವುದಾದರೂ ನಿಮಗೆ ಆಗಿದೆಯಾ ನೆನಪು ಮಾಡಿಕೊಳ್ಳಿ.

ತಲೆಗೆ ಬಲವಾದ ಪೆಟ್ಟು. ಅಡಿಕೆ ಮರದಿಂದ ಬಿದ್ದವರು, ಬೈಕ್ ಅಪಘಾತ ಆದವರು ನಮ್ಮಲ್ಲಿ ಎಷ್ಟೋ ಮಂದಿ. ಗಾಯ ಮಾಸಿ ವರ್ಷವಾದ ಮೇಲೂ ಪಿಟ್ಯುಟರಿ ಸೋತಿರಬಹುದು.

ಕೊಳಕು ಮಂಡಲ ಕಚ್ಚಿದ್ದು. ಇದನ್ನು ಯಾರೂ ಹೇಳುವುದೇ ಇಲ್ಲ. 'ಅದಾಗಿ ನಾಲ್ಕು ವರ್ಷ ಆಯ್ತಲ್ಲ, ಈಗ್ಯಾಕೆ' ಅನ್ನುತ್ತಾರೆ. ಈ ಹಾವಿನ ವಿಷ ಮೂತ್ರಪಿಂಡ ಕೆಡಿಸುವುದು ಎಲ್ಲರಿಗೂ ಗೊತ್ತು. ಕೆಲವರಲ್ಲಿ ಪಿಟ್ಯುಟರಿಯೂ ಹಾಳಾಗುತ್ತದೆ. ಮ್ಯಾನ್ಮಾರ್‌ನಲ್ಲೂ ದಕ್ಷಿಣ ಭಾರತದಲ್ಲೂ ವೈದ್ಯರು ಇದನ್ನು ದಾಖಲಿಸಿದ್ದಾರೆ. ಲಕ್ಷಣಗಳು ತಿಂಗಳು, ವರ್ಷ ಕಳೆದು ನಿಧಾನಕ್ಕೆ ಬರುತ್ತವೆ: ಸುಸ್ತು, ಚಳಿ ತಡೆಯದಿರುವುದು, ಗಡ್ಡ-ಮೈಕೂದಲು ಕಡಿಮೆಯಾಗುವುದು, ಲೈಂಗಿಕ ಆಸೆ ಕುಂದುವುದು, ಎದ್ದು ನಿಂತರೆ ತಲೆ ತಿರುಗುವುದು. ಇಂಥವರು ಬರೀ ಟೆಸ್ಟೋಸ್ಟೆರಾನ್ ನೋಡಿಸಿಕೊಂಡು 'ಕಡಿಮೆ ಇದೆ' ಅಂತ ಇಂಜೆಕ್ಷನ್ ಶುರು ಮಾಡಿದರೆ, ಒಳಗಿರುವ ಕಾರ್ಟಿಸಾಲ್ ಕೊರತೆ ಕಣ್ಣಿಗೆ ಬೀಳುವುದೇ ಇಲ್ಲ.

ಸ್ಟೀರಾಯ್ಡ್ ಮಾತ್ರೆ, ಅಂದರೆ ಕಾರ್ಟಿಸಾಲಿನ ಹಾಗೆ ಕೆಲಸ ಮಾಡುವ ಔಷಧ. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್. ಇವನ್ನು 3–4 ವಾರಕ್ಕಿಂತ ಜಾಸ್ತಿ ತಿಂದಿದ್ದರೆ ಅಡ್ರಿನಲ್ ಕೆಲಸ ಮರೆತಿರಬಹುದು. ಟೆಸ್ಟೋಸ್ಟೆರಾನನ್ನೂ ಇವು ಇಳಿಸುತ್ತವೆ. ಮಾತ್ರೆಯ ಜೊತೆಗೆ ತುಂಬ ದಿನದ ಇನ್‌ಹೇಲರ್, ಚರ್ಮಕ್ಕೆ ಹಚ್ಚುವ ಬಲವಾದ ಮುಲಾಮು, ಸಂದಿಗೆ ಕೊಟ್ಟ ಇಂಜೆಕ್ಷನ್ನನ್ನೂ ಬರೆಯಿರಿ.

ಹೆಸರಿಲ್ಲದ ಗಂಟುನೋವಿನ ಪುಡಿ. 'ಒಂದೇ ದಿನಕ್ಕೆ ನೋವು ಹೋಯ್ತು' ಅನ್ನುವ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ನಾಚಿಕೆ ಬೇಡ, ಪೊಟ್ಟಣವನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಸುಮ್ನೆ ಒಂದು ದಿನ ನಿಲ್ಲಿಸಿಬಿಡುವುದು ಮಾತ್ರ ಅಪಾಯ. ಮರೆತ ಅಡ್ರಿನಲ್ ತಕ್ಷಣ ಎದ್ದು ಕೆಲಸ ಮಾಡುವುದಿಲ್ಲ.

ಜಿಮ್ಮಿನಲ್ಲಿ ಯಾರೋ ಕೊಟ್ಟ ಇಂಜೆಕ್ಷನ್, ಪ್ರೋಟೀನ್ ಡಬ್ಬ, ಕೂದಲಿಗೆ ಅಂತ ತಿನ್ನುವ ಬಯೋಟಿನ್ ಮಾತ್ರೆ ಇದ್ದರೆ ಅವೂ ಹಾಳೆಯಲ್ಲಿರಲಿ.

ಹಂತ 2: ರಕ್ತ ಕೊಡುವ ಹೊತ್ತು

ಟೆಸ್ಟೋಸ್ಟೆರಾನ್, ಕಾರ್ಟಿಸಾಲ್ ಎರಡೂ ಬೆಳಿಗ್ಗೆ ಜಾಸ್ತಿ, ಹೊತ್ತು ಏರಿದಂತೆ ಕಡಿಮೆ. ಹಾಗಾಗಿ ಬೆಳಿಗ್ಗೆ 8ರ ಸುಮಾರಿಗೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಒಂದೇ ಸಲ ಚುಚ್ಚಿಸಿಕೊಂಡರೆ ಎಲ್ಲಕ್ಕೂ ಆಗುತ್ತದೆ. ಜೋಯಿಡಾ, ಸಿದ್ದಾಪುರದ ಒಳಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಬಂದರೂ ಲ್ಯಾಬ್ ಮುಟ್ಟುವಾಗ 10–11 ಗಂಟೆ ಆಗಿಬಿಡುತ್ತದೆ. ಆಗ ಕೊಟ್ಟ ರಕ್ತದಲ್ಲಿ ಅಂಕಿ ಕಡಿಮೆ ಬಂದರೆ ಅದು ಕಾಯಿಲೆಯೋ ಹೊತ್ತು ಮೀರಿದ್ದೋ ಹೇಳುವುದು ಕಷ್ಟ. ಹಿಂದಿನ ರಾತ್ರಿ ಪೇಟೆಯಲ್ಲಿ ನೆಂಟರ ಮನೆಯಲ್ಲಿ ಉಳಿದುಕೊಳ್ಳಿ.

ಕೇಳಬೇಕಾದ ಪರೀಕ್ಷೆಗಳು: ಟೋಟಲ್ ಟೆಸ್ಟೋಸ್ಟೆರಾನ್, ಎಸ್‌ಎಚ್‌ಬಿಜಿ, ಎಲ್‌ಎಚ್, ಪ್ರೊಲಾಕ್ಟಿನ್ (ಪಿಟ್ಯುಟರಿಯದ್ದೇ ಇನ್ನೊಂದು ಹಾರ್ಮೋನ್), ಟಿಎಸ್‌ಎಚ್, ಫ್ರೀ ಟಿ4, ಬೆಳಗಿನ ಕಾರ್ಟಿಸಾಲ್, ರಕ್ತದ ಕಣಗಳ ಎಣಿಕೆ. ಎಲ್ಲವೂ ಎಲ್ಲರಿಗೂ ಬೇಕು ಅಂತಿಲ್ಲ. ಹಂತ 1ರ ಹಾಳೆ ನೋಡಿ ಡಾಕ್ಟರು ಆರಿಸುತ್ತಾರೆ.

ಇಲ್ಲಿ ಜನ ಎಡವುವ ಜಾಗಗಳಿವೆ. ಬಯೋಟಿನ್ ತಿನ್ನುತ್ತಿದ್ದರೆ ಕನಿಷ್ಠ 2 ದಿನ ಮೊದಲು ನಿಲ್ಲಿಸಿ. ಅದು ಕೆಲವು ಯಂತ್ರಗಳ ಲೆಕ್ಕ ಕೆಡಿಸುತ್ತದೆ, ಟಿಎಸ್‌ಎಚ್ ಸುಳ್ಳೇ ಕಡಿಮೆ ತೋರಿಸಬಹುದು, ಟಿ4 ಮತ್ತು ಟೆಸ್ಟೋಸ್ಟೆರಾನ್ ಸುಳ್ಳೇ ಜಾಸ್ತಿ ತೋರಿಸಬಹುದು. ಜ್ವರ ಇದ್ದಾಗ, ಆಸ್ಪತ್ರೆಯಿಂದ ಬಿಡುಗಡೆಯಾದ ವಾರದಲ್ಲಿ ಟೆಸ್ಟೋಸ್ಟೆರಾನ್ ನೋಡಿಸಬೇಡಿ. ಮೈ ಹುಷಾರಿಲ್ಲದಾಗ ಟೆಸ್ಟೋಸ್ಟೆರಾನ್ ಇಳಿಯಬಹುದು. ಥೈರಾಯ್ಡ್ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ತಗೊಳ್ಳಿ. ಪ್ರೆಡ್ನಿಸೋಲೋನ್ ತಿನ್ನುವವರು ಅದನ್ನು ಹೇಳದೆ ಕಾರ್ಟಿಸಾಲ್ ಪರೀಕ್ಷೆ ಮಾಡಿಸಬೇಡಿ, ಯಂತ್ರ ಅದನ್ನೂ ಕಾರ್ಟಿಸಾಲ್ ಅಂತಲೇ ಎಣಿಸಬಹುದು. ಎಸಿಟಿಎಚ್ ಬರೆದಿದ್ದರೆ ಆ ರಕ್ತ ಮಂಜುಗಡ್ಡೆಯಲ್ಲಿಟ್ಟು ಬೇಗ ಲ್ಯಾಬ್ ಸೇರಬೇಕು. ಇಲ್ಲಿ ರಕ್ತ ಕೊಟ್ಟು ಅದು ಬಸ್ಸಿನಲ್ಲಿ ಬೇರೆ ಊರಿಗೆ ಹೋಗುವುದಾದರೆ ಆ ಒಂದು ಪರೀಕ್ಷೆಯನ್ನು ದೊಡ್ಡ ಆಸ್ಪತ್ರೆಯಲ್ಲೇ ಮಾಡಿಸಿ.

ಟೆಸ್ಟೋಸ್ಟೆರಾನ್ ಒಮ್ಮೆ ಕಡಿಮೆ ಬಂದರೆ ಬೇರೆ ದಿನ ಇನ್ನೊಮ್ಮೆ ನೋಡಲೇಬೇಕು. ಡೆಸಿಲೀಟರ್‌ಗೆ 300 ನ್ಯಾನೋಗ್ರಾಂಗಿಂತ ಕಡಿಮೆ ಎರಡು ಸಲ ಬಂದು, ಲಕ್ಷಣಗಳೂ ಇದ್ದರೆ ಮಾತ್ರ ಕೊರತೆ ಅಂತ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಹಂತ 3: ರಿಪೋರ್ಟನ್ನು ಒಟ್ಟಿಗೆ ಓದುವುದು

ಥೈರಾಯ್ಡ್ ತೀರಾ ಕಡಿಮೆ ಇದ್ದರೆ ಎಸ್‌ಎಚ್‌ಬಿಜಿ ಇಳಿಯುತ್ತದೆ. ಕಟ್ಟಿಡುವ ಪ್ರೋಟೀನ್ ಕಡಿಮೆಯಾದರೆ ಟೋಟಲ್ ಟೆಸ್ಟೋಸ್ಟೆರಾನ್ ಕೂಡ ಕಡಿಮೆ ಕಾಣುತ್ತದೆ. ಪ್ರೊಲಾಕ್ಟಿನ್ ಏರಿ ವೃಷಣಕ್ಕೆ ಬರುವ ಸುದ್ದಿಯನ್ನೂ ತಡೆಯಬಹುದು. ಸುಸ್ತು, ತೂಕ ಏರುವುದು, ಆಸೆ ಇಲ್ಲದಿರುವುದು, ಮಂಕು – ಎರಡೂ ಕೊರತೆಯ ಲಕ್ಷಣ ಒಂದೇ ಥರ. ಥೈರಾಯ್ಡ್ ಸೊರಗಿದಷ್ಟೂ ಪಿಟ್ಯುಟರಿ ಗಟ್ಟಿಯಾಗಿ ಕೂಗುತ್ತದೆ, ಅಂದರೆ ಟಿಎಸ್‌ಎಚ್ ಏರುತ್ತದೆ. ಟಿಎಸ್‌ಎಚ್ 40, 60 ಅಂತ ಬಂದವರಿಗೆ ಮೊದಲು ಥೈರಾಯ್ಡ್ ಮಾತ್ರೆ ಕೊಟ್ಟು, ಅದು ಸರಿಹೋದ ಮೇಲೆ ಟೆಸ್ಟೋಸ್ಟೆರಾನ್ ಮತ್ತೆ ನೋಡಬೇಕು. ಎಷ್ಟೋ ಸಲ ಅದು ತಾನಾಗಿಯೇ ಮೇಲೆ ಬಂದಿರುತ್ತದೆ, ಇಂಜೆಕ್ಷನ್ ಬೇಕಾಗುವುದೇ ಇಲ್ಲ. ಟಿಎಸ್‌ಎಚ್ 6 ಬಂದಿದೆ ಅಂತ ಎಲ್ಲದಕ್ಕೂ ಅದನ್ನೇ ದೂರುವುದೂ ಸರಿಯಲ್ಲ. ಅಷ್ಟು ಸಣ್ಣ ಏರಿಕೆ ಟೆಸ್ಟೋಸ್ಟೆರಾನನ್ನು ಕೆಡಿಸುವುದು ಅಪರೂಪ.

ಥೈರಾಯ್ಡ್ ಜಾಸ್ತಿ ಇದ್ದರೆ ಇದು ತಿರುಗಾಮುರುಗಾ. ಎಸ್‌ಎಚ್‌ಬಿಜಿ ಏರುತ್ತದೆ, ಟೋಟಲ್ ಟೆಸ್ಟೋಸ್ಟೆರಾನ್ ಜಾಸ್ತಿ ಕಾಣುತ್ತದೆ, ಆದರೆ ಕೆಲಸ ಮಾಡುವ ಫ್ರೀ ಪಾಲು ಸಾಧಾರಣ ಅಥವಾ ಕಡಿಮೆ. ಕೆಲವು ಗಂಡಸರಿಗೆ ಎದೆ ಊದಿಕೊಳ್ಳುತ್ತದೆ. ಅವರಿಗೆ ಬೇಕಾದದ್ದು ಥೈರಾಯ್ಡ್ ಚಿಕಿತ್ಸೆ.

ಈಗ ಎಲ್ಲಕ್ಕಿಂತ ದೊಡ್ಡ ಗುಂಡಿ. ಪಿಟ್ಯುಟರಿಯೇ ಹಾಳಾಗಿದ್ದರೆ ಟಿಎಸ್‌ಎಚ್ 'ನಾರ್ಮಲ್' ಅಂತಲೇ ಬರಬಹುದು. ಸುದ್ದಿ ಕಳಿಸುವವನೇ ಸೋತಿದ್ದಾನೆ, ಥೈರಾಯ್ಡ್ ಸೊರಗಿದ್ದರೂ ಗಟ್ಟಿಯಾಗಿ ಕೂಗುವವರಿಲ್ಲ. ಅದಕ್ಕೇ ಟಿಎಸ್‌ಎಚ್ ಒಂದನ್ನೇ ನೋಡಿ 'ಥೈರಾಯ್ಡ್ ಸರಿ ಇದೆ' ಅನ್ನಬಾರದು. ಫ್ರೀ ಟಿ4 ಜೊತೆಗಿರಲೇಬೇಕು. ಟೆಸ್ಟೋಸ್ಟೆರಾನ್ ಕಡಿಮೆ, ಎಲ್‌ಎಚ್ ಕೂಡ ಕಡಿಮೆ ಅಥವಾ ಸಾಧಾರಣ, ಫ್ರೀ ಟಿ4 ಕಡಿಮೆ – ಈ ಮೂರು ಒಟ್ಟಿಗೆ ಕಂಡರೆ 'ಪಿಟ್ಯುಟರಿ ನೋಡಬೇಕಲ್ವಾ ಡಾಕ್ಟ್ರೇ?' ಅಂತ ನೀವೇ ಕೇಳಿ. ವೃಷಣವೇ ಸೋತಿದ್ದರೆ ಎಲ್‌ಎಚ್ ಏರಿರುತ್ತದೆ, ಅದು ಬೇರೆ ದಾರಿ.

ಕಾರ್ಟಿಸಾಲ್ ಬೆಳಿಗ್ಗೆ 8ಕ್ಕೆ ಡೆಸಿಲೀಟರ್‌ಗೆ 3 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಬಹುಮಟ್ಟಿಗೆ ಖಚಿತ. 15ಕ್ಕಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಭಯವಿಲ್ಲ. ನಡುವೆ ಇದ್ದರೆ ಇಂಜೆಕ್ಷನ್ ಕೊಟ್ಟು ಅಡ್ರಿನಲ್ ಎಷ್ಟು ಎದ್ದೇಳುತ್ತದೆ ನೋಡುವ ಪರೀಕ್ಷೆ ಮಾಡುತ್ತಾರೆ.

ಹಂತ 4: ಸರದಿ ತಪ್ಪಿಸಬೇಡಿ

ಎರಡು-ಮೂರು ಹಾರ್ಮೋನ್ ಒಟ್ಟಿಗೆ ಕಡಿಮೆ ಇದ್ದರೆ ಸರದಿ ಹೀಗೆ: ಮೊದಲು ಕಾರ್ಟಿಸಾಲ್, ಆಮೇಲೆ ಥೈರಾಯ್ಡ್, ಅದಾದ ಮೇಲೆ ಟೆಸ್ಟೋಸ್ಟೆರಾನ್. ಇದನ್ನು ಹಾಳೆಯ ಮೇಲೆ ದೊಡ್ಡದಾಗಿ ಬರೆದುಕೊಳ್ಳಿ.

ಕಾರಣ ಇಷ್ಟು. ಥೈರಾಯ್ಡ್ ಹಾರ್ಮೋನ್ ಮೈಯಲ್ಲಿ ಕಾರ್ಟಿಸಾಲ್ ಖರ್ಚಾಗುವ ವೇಗ ಹೆಚ್ಚಿಸುತ್ತದೆ. ಕಾರ್ಟಿಸಾಲ್ ಮೊದಲೇ ತಳ ಕಂಡಿದ್ದವರಿಗೆ ಬರೀ ಥೈರಾಯ್ಡ್ ಮಾತ್ರೆ ಕೊಟ್ಟರೆ ಉಳಿದದ್ದೂ ಬರಿದಾಗುತ್ತದೆ. ವಾಂತಿ, ಹೊಟ್ಟೆನೋವು, ರಕ್ತದ ಒತ್ತಡ ಕುಸಿತ, ಎಚ್ಚರ ತಪ್ಪುವುದು. ಇದಕ್ಕೆ ಅಡ್ರಿನಲ್ ಕ್ರೈಸಿಸ್ ಅನ್ನುತ್ತಾರೆ. ಜೀವಕ್ಕೆ ಅಪಾಯ. ಥೈರಾಯ್ಡ್ ಮಾತ್ರೆ ಶುರು ಮಾಡಿದ ಮೇಲೆ ಸುಸ್ತು ಕಡಿಮೆಯಾಗುವ ಬದಲು ಜಾಸ್ತಿಯಾಗಿ, ವಾಂತಿ ಬರುತ್ತಿದ್ದರೆ 'ಮಾತ್ರೆ ಒಗ್ಗಲಿಲ್ಲ' ಅಂತ ಮನೆಯಲ್ಲಿ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಟೆಸ್ಟೋಸ್ಟೆರಾನ್ ತಡವಾದರೆ ಜೀವಕ್ಕೇನೂ ಆಗುವುದಿಲ್ಲ. ಆರು ವಾರ ಕಾಯಬಹುದು. ಕಾರ್ಟಿಸಾಲ್ ಹಾಗೆ ಕಾಯುವುದಿಲ್ಲ.

'ಅಡ್ರಿನಲ್ ದಣಿದಿದೆ' ಅಂತ ಹೇಳಿ ಪುಡಿ, ಕ್ಯಾಪ್ಸೂಲ್ ಮಾರುವವರು ಮೊಬೈಲ್ ತುಂಬ ಇದ್ದಾರೆ. ಹಾರ್ಮೋನ್ ತಜ್ಞರು ಅಂಥ ಕಾಯಿಲೆಯನ್ನು ಒಪ್ಪುವುದಿಲ್ಲ. ಅಡ್ರಿನಲ್ ಕೊರತೆ ಎನ್ನುವ ನಿಜವಾದ ಕಾಯಿಲೆ ರಕ್ತ ಪರೀಕ್ಷೆಯಲ್ಲಿ ಸಿಗುತ್ತದೆ. ಅದಕ್ಕೆ ಮದ್ದು ಹೈಡ್ರೋಕಾರ್ಟಿಸೋನ್, ಅಂದರೆ ಕಾರ್ಟಿಸಾಲಿನ ಬದಲಿಗೆ ಕೊಡುವ ಸ್ಟೀರಾಯ್ಡ್. ಪುಡಿಗೆ ಕೊಡುವ ದುಡ್ಡಿನಲ್ಲಿ ಕಾರ್ಟಿಸಾಲ್ ಪರೀಕ್ಷೆ ಮಾಡಿಸಿ.

ಹಂತ 5: ಥೈರಾಯ್ಡ್ ಮಾತ್ರೆ ತಿನ್ನುತ್ತಿರುವಾಗ ಟೆಸ್ಟೋಸ್ಟೆರಾನ್ ಸೇರಿದರೆ

ಮೊದಲು ಕೇಳಿದ ಪ್ರಶ್ನೆಗೆ ಉತ್ತರ: ಅಡ್ಡಿಲ್ಲ, ಆದರೆ ಮತ್ತೆ ಅಳೆಯಬೇಕು.

ಟೆಸ್ಟೋಸ್ಟೆರಾನ್ ಟಿಬಿಜಿಯನ್ನು ಇಳಿಸುತ್ತದೆ. ಥೈರಾಯ್ಡ್ ಆರೋಗ್ಯವಾಗಿದ್ದವರಲ್ಲಿ ಟೋಟಲ್ ಟಿ4 ಕಡಿಮೆ ಕಾಣುತ್ತದೆ, ಫ್ರೀ ಟಿ4 ಮತ್ತು ಟಿಎಸ್‌ಎಚ್ ಹಾಗೇ ಇರುತ್ತವೆ. ಈ ಟೋಟಲ್ ಅಂಕಿ ನೋಡಿ ಹೆದರಿ ಥೈರಾಯ್ಡ್ ಮಾತ್ರೆ ಶುರು ಮಾಡುವುದು ತಪ್ಪು. ಲೆವೊಥೈರಾಕ್ಸಿನ್, ಅಂದರೆ ಥೈರಾಯ್ಡ್ ಮಾತ್ರೆ ತಿನ್ನುವವರ ಕಥೆ ಬೇರೆ. ಕಟ್ಟಿದ ದೋಣಿಗಳ ಹಗ್ಗ ಬಿಚ್ಚಿದಂತಾಗಿ ಕೆಲವರಿಗೆ ಅದೇ ಡೋಸ್ ಜಾಸ್ತಿಯಾಗುತ್ತದೆ. ಎದೆ ಡವಗುಟ್ಟುವುದು, ಕೈನಡುಕ, ನಿದ್ರೆ ಬಾರದಿರುವುದು, ಬೆವರು ಕಂಡರೆ ತಿಳಿಸಿ. ಏನೂ ಕಾಣದಿದ್ದರೂ ಟೆಸ್ಟೋಸ್ಟೆರಾನ್ ಶುರುವಾದ 6–8 ವಾರಕ್ಕೆ ಟಿಎಸ್‌ಎಚ್ ನೋಡಿಸಿ. ಅದಕ್ಕಿಂತ ಬೇಗ ನೋಡಿದರೆ ಅಂಕಿ ಇನ್ನೂ ನೆಲೆ ನಿಂತಿರುವುದಿಲ್ಲ. ಟೆಸ್ಟೋಸ್ಟೆರಾನ್ ನಿಲ್ಲಿಸಿದಾಗಲೂ ಇದೇ ಲೆಕ್ಕ, ಆಗ ಡೋಸ್ ಸಾಲದೆ ಹೋಗಬಹುದು.

ಹೃದಯದ ವಿಷಯವನ್ನು ಹಗುರಾಗಿ ಬಿಡಲಾರೆ. 2023ರಲ್ಲಿ ಟ್ರಾವರ್ಸ್ ಎನ್ನುವ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಹೃದಯದ ಕಾಯಿಲೆ ಅಥವಾ ಅದರ ಅಪಾಯ ಇದ್ದ 45ರಿಂದ 80 ವಯಸ್ಸಿನ 5,000ಕ್ಕೂ ಹೆಚ್ಚು ಗಂಡಸರು ಅದರಲ್ಲಿದ್ದರು. ಟೆಸ್ಟೋಸ್ಟೆರಾನಿನಿಂದ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಲಿಲ್ಲ. ಆದರೆ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯ ತಾಳ ತಪ್ಪಿ ಬಡಿಯುವುದು, ಹೆಚ್ಚು ಕಂಡಿತು: ಟೆಸ್ಟೋಸ್ಟೆರಾನ್ ಪಡೆದವರಲ್ಲಿ ನೂರಕ್ಕೆ 3.5, ಪಡೆಯದವರಲ್ಲಿ 2.4. ಥೈರಾಯ್ಡ್ ಮಾತ್ರೆ ಜಾಸ್ತಿಯಾದರೂ ಇದೇ ತೊಂದರೆ ಬರುತ್ತದೆ. ವಯಸ್ಸಾದವರು ಎರಡನ್ನೂ ತಗೊಳ್ಳುತ್ತಿದ್ದರೆ ಟಿಎಸ್‌ಎಚ್ ತೀರಾ ಕೆಳಗಿಳಿಯದಂತೆ ನೋಡಿಕೊಳ್ಳುವುದಕ್ಕೆ ಇದು ಸಾಕಷ್ಟು ಕಾರಣ ಅಲ್ವಾ?

ಡೋಸ್ ಏರಿಸುವ, ಇಳಿಸುವ ಮೊದಲು ಮಾತ್ರೆ ತಿನ್ನುವ ರೀತಿ ಸರಿ ಇದೆಯಾ ನೋಡಿ. ಬೆಳಿಗ್ಗೆ ಎದ್ದ ಕೂಡಲೇ ಬರೀ ನೀರಿನಲ್ಲಿ ಮಾತ್ರೆ. ಕಷಾಯ, ಚಾ, ಕಾಫಿ, ದೋಸೆ ಎಲ್ಲ ಅರ್ಧದಿಂದ ಒಂದು ಗಂಟೆ ಬಿಟ್ಟು. 'ಹಾಲು ಹಾಕಿದ ಕಷಾಯ ಅಷ್ಟೇ' ಅಂತ ಅದರ ಜೊತೆಗೇ ನುಂಗುವವರನ್ನು ಶಿರಸಿ ಕಡೆ ಬಹಳ ನೋಡಿದ್ದೇನೆ. ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ 4 ಗಂಟೆ ಅಂತರ ಇರಲಿ.

ಹಂತ 6: ಸ್ಟೀರಾಯ್ಡ್ ಮತ್ತು ಟೆಸ್ಟೋಸ್ಟೆರಾನ್ ಜೊತೆಯಾದರೆ

ಆರೋಗ್ಯವಾದ ಅಡ್ರಿನಲ್ಲಿಗೆ ಸರಿಯಾದ ಡೋಸಿನ ಟೆಸ್ಟೋಸ್ಟೆರಾನ್ ದೊಡ್ಡ ತೊಂದರೆ ಮಾಡುವುದಿಲ್ಲ. ಸ್ಟೀರಾಯ್ಡ್ ತಗೊಳ್ಳುತ್ತಿರುವವರು ಮಾತ್ರ ಒಂದು ವಿಷಯ ಗಮನಿಸಬೇಕು. ಎರಡೂ ಮೈಯಲ್ಲಿ ಉಪ್ಪು-ನೀರು ಹಿಡಿದಿಡುತ್ತವೆ. ಪಾದ ಊದಿ ಚಪ್ಪಲಿಯ ಪಟ್ಟಿಯ ಗುರುತು ಬೀಳುವುದು, ಎರಡು-ಮೂರು ದಿನದಲ್ಲಿ ಒಂದೆರಡು ಕಿಲೋ ತೂಕ ಏರುವುದು, ಮಲಗಿದರೆ ಉಬ್ಬಸ. ಹೃದಯ, ಮೂತ್ರಪಿಂಡ, ಲಿವರ್ ಕಾಯಿಲೆ ಇದ್ದವರು ದಿನವೂ ತೂಕ ಬರೆದಿಡಿ. ಸಕ್ಕರೆ ಕಾಯಿಲೆಯವರಿಗೂ ಮಾತಿದೆ: ಟೆಸ್ಟೋಸ್ಟೆರಾನ್ ಸಕ್ಕರೆ ಇಳಿಸಬಹುದು, ಸ್ಟೀರಾಯ್ಡ್ ಏರಿಸುತ್ತದೆ. ಮೊದಲ ತಿಂಗಳು ಜಾಸ್ತಿ ಸಲ ನೋಡಿಕೊಳ್ಳಿ. ರಕ್ತ ತೆಳುವಾಗಿಸುವ ವಾರ್ಫರಿನ್ ತಿನ್ನುವವರು ರಕ್ತ ಹೆಪ್ಪುಗಟ್ಟುವ ಹೊತ್ತು ಅಳೆಯುವ ಐಎನ್‌ಆರ್ ಪರೀಕ್ಷೆಯನ್ನು ಮುಂದೂಡಬೇಡಿ.

ಹಂತ 7: ಮುಂದಿನ ಪರೀಕ್ಷೆಗಳು

ಶುರುವಾಗಿ 3–6 ತಿಂಗಳಿಗೆ ಟೆಸ್ಟೋಸ್ಟೆರಾನ್, ಹಿಮಟೊಕ್ರಿಟ್. ಹಿಮಟೊಕ್ರಿಟ್ ಎಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ಅದು ನೂರಕ್ಕೆ 54 ದಾಟಿದರೆ ಔಷಧ ನಿಲ್ಲಿಸುತ್ತಾರೆ. 2–3 ವಾರಕ್ಕೊಮ್ಮೆ ತಗೊಳ್ಳುವ ಇಂಜೆಕ್ಷನ್ನಾದರೆ ಎರಡು ಇಂಜೆಕ್ಷನ್ನಿನ ನಟ್ಟನಡುವೆ ರಕ್ತ ಕೊಡಿ. ಮೂರು ತಿಂಗಳ ಹತ್ತಿರ ಬರುವ ದೊಡ್ಡ ಇಂಜೆಕ್ಷನ್ನಾದರೆ ಮುಂದಿನದಕ್ಕೆ ಸ್ವಲ್ಪ ಮೊದಲು. ಜೆಲ್ ಹಚ್ಚಿದ ತೋಳಿನಿಂದ ರಕ್ತ ತೆಗೆಸಬೇಡಿ, ಸುಳ್ಳು ಅಂಕಿ ಬರುತ್ತದೆ. ಮಕ್ಕಳಾಗಬೇಕು ಅನ್ನುವವರು ಮೊದಲೇ ಹೇಳಿ. ಹೊರಗಿನ ಟೆಸ್ಟೋಸ್ಟೆರಾನ್ ವೀರ್ಯಾಣು ತಯಾರಾಗುವುದನ್ನೇ ತಡೆಯುತ್ತದೆ. ಟ್ರಾನ್ಸ್ ಪುರುಷರು ಕೊರತೆಗೆ ಅಂತ ಇದನ್ನು ತಗೊಳ್ಳುವುದಿಲ್ಲ, ಹಾಗಾಗಿ 300ರ ಲೆಕ್ಕ ಅವರಿಗಲ್ಲ. ಥೈರಾಯ್ಡ್, ಕಾರ್ಟಿಸಾಲ್ ಬಗ್ಗೆ ಇಲ್ಲಿ ಹೇಳಿದ ಎಚ್ಚರಿಕೆ ಅವರಿಗೂ ಒಂದೇ.

ಹಂತ 8: ಮಳೆಗಾಲಕ್ಕೆ ಮೊದಲು

ಇದು ಕಾರ್ಟಿಸಾಲ್ ಕೊರತೆ ಖಚಿತವಾಗಿ ಹೈಡ್ರೋಕಾರ್ಟಿಸೋನ್ ತಗೊಳ್ಳುವವರಿಗೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು ನಾವ್ಯಾರೂ ಮರೆತಿಲ್ಲ. ಘಟ್ಟ ಬಂದ್ ಆದರೆ ಔಷಧ ಬರುವುದಿಲ್ಲ. ಹೈಡ್ರೋಕಾರ್ಟಿಸೋನ್ ಮಾತ್ರೆ ಸಣ್ಣ ಪೇಟೆಯ ಅಂಗಡಿಗಳಲ್ಲಿ ಯಾವಾಗಲೂ ಇರುವ ಸಾಮಾನಲ್ಲ, ತರಿಸಿಕೊಡಬೇಕಾಗುತ್ತದೆ. ಮೇ ತಿಂಗಳಲ್ಲೇ ಎರಡು ತಿಂಗಳಿಗಾಗುವಷ್ಟು ತೆಗೆದಿಡಿ. ಥೈರಾಯ್ಡ್ ಮಾತ್ರೆ ತೇವಕ್ಕೆ, ಬಿಸಿಗೆ ಬಲ ಕಳೆದುಕೊಳ್ಳುತ್ತದೆ. ಅಡುಗೆಮನೆಯ ಗೂಡಿನಲ್ಲಿ ಇಡಬೇಡಿ, ಅದರದ್ದೇ ಬಾಟಲಿಯಲ್ಲಿ ಮುಚ್ಚಳ ಬಿಗಿದು ತಂಪಾದ ಕೋಣೆಯಲ್ಲಿಡಿ.

ಜ್ವರ ಬಂದರೆ ಹೈಡ್ರೋಕಾರ್ಟಿಸೋನ್ ಡೋಸನ್ನು ಎರಡು ಅಥವಾ ಮೂರು ಪಟ್ಟು ಮಾಡಬೇಕಾಗುತ್ತದೆ. ನಿಮಗೆ ಎಷ್ಟು, ಎಷ್ಟು ದಿನ ಅಂತ ಡಾಕ್ಟರ ಹತ್ತಿರ ಮೊದಲೇ ಬರೆಸಿಕೊಳ್ಳಿ. ವಾಂತಿಯಾಗಿ ಮಾತ್ರೆ ಉಳಿಯದಿದ್ದರೆ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ ಬೇಕು, ತಡಮಾಡುವಂತಿಲ್ಲ. ಆ ಇಂಜೆಕ್ಷನ್ ಬಾಟಲಿ ಮನೆಯಲ್ಲಿರಲಿ, ಕೊಡುವುದು ಹೇಗೆ ಅಂತ ಮನೆಯ ಒಬ್ಬರು ಕಲಿತಿರಲಿ. 'ಅಡ್ರಿನಲ್ ಕೊರತೆ ಇದೆ, ಸ್ಟೀರಾಯ್ಡ್ ನಿಲ್ಲಿಸಬೇಡಿ, ವಾಂತಿ ಅಥವಾ ಎಚ್ಚರ ತಪ್ಪಿದರೆ ಹೈಡ್ರೋಕಾರ್ಟಿಸೋನ್ 100 ಕೊಡಿ' ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಚೀಟಿಯನ್ನು ಪ್ಲಾಸ್ಟಿಕ್ ಹಾಕಿಸಿ ಪಾಕೀಟಿನಲ್ಲಿಡಿ. ಇನ್ನೊಂದು ಪ್ರತಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.